ನೋಡಲು ಒಂದೇ ಹೆಸರು, ಲೈಬ್ರರಿಯಲ್ಲಿ ಎರಡು ವಿಭಾಗ: ಓದುಗರ ಫೈಲ್ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯವು. ಹಾಡು, ಫೋಟೋ, ವಿಡಿಯೋ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಶ್ರದ್ಧೆಯಿಂದ ಜೋಡಿಸಿದ್ದೀರಿ. ಆದರೆ ಫೈಲುಗಳು ನೀವು ಹೇಳಿದ ವಿಭಾಗದಲ್ಲಿ ನಿಲ್ಲುತ್ತಿಲ್ಲ.

ನಾನು ಹನ್ನೊಂದು ವರ್ಷ ಒಂದು ಧ್ವನಿ ಸಂಗ್ರಹದಲ್ಲಿ ಕ್ಯಾಸೆಟ್‌ಗಳನ್ನು ಫೈಲ್ ಮಾಡಿ, ಅವುಗಳ ಪಟ್ಟಿ ಬರೆಯುವ ಕೆಲಸ ಮಾಡಿದವಳು. ಅಲ್ಲಿ ಬಂದ ಒಂದು ಅಭ್ಯಾಸ ಇವತ್ತಿಗೂ ಹೋಗಿಲ್ಲ. ವಿಭಾಗ ತಪ್ಪಾಗಿ ಕಂಡರೆ ಸರಿಮಾಡಲು ಕೈ ಹಾಕುವ ಮೊದಲು ಆ ಹೆಸರು ಎಲ್ಲಿ ಬರೆದಿದೆ ಅಂತ ಹುಡುಕುತ್ತೇನೆ. ಅದು ಇರಬಹುದಾದ ಜಾಗ ಮೂರೇ. ಫೈಲಿನ ಹೆಸರು ಅಥವಾ ಫೋಲ್ಡರಿನ ಹೆಸರು ಒಂದು. ಫೈಲಿನ ಒಳಗೇ ಬರೆದಿರುವ ಮಾಹಿತಿ, ಅಂದರೆ ಟ್ಯಾಗ್, ಇನ್ನೊಂದು. ಫೈಲುಗಳನ್ನು ವಿಭಾಗ ಮಾಡಿ ತೋರಿಸುವ ಲೈಬ್ರರಿ ಸಾಫ್ಟ್‌ವೇರ್ ತನ್ನ ಹತ್ತಿರವೇ ಇಟ್ಟುಕೊಳ್ಳುವ ಪಟ್ಟಿ, ಅಂದರೆ ಡೇಟಾಬೇಸ್, ಮೂರನೆಯದು. ಒಂದು ಕಡೆ ಇರುವ ತಪ್ಪನ್ನು ಇನ್ನೊಂದು ಕಡೆ ತಿದ್ದಿದರೆ ಅದು ಮತ್ತೆ ಬರುತ್ತಲೇ ಇರುತ್ತದೆ.

ಪ್ರಶ್ನೆ: ಮೇಡಂ, ನನ್ನ ಲೈಬ್ರರಿಯಲ್ಲಿ ‘ಗೀತೆ’ ಎಂಬ ವಿಭಾಗ ಎರಡು ಸಲ ಕಾಣುತ್ತದೆ. ಒಂದರಲ್ಲಿ 212 ಫೈಲ್, ಇನ್ನೊಂದರಲ್ಲಿ 87. ‘ಫೋಟೋ’ ಕೂಡ ಎರಡಿದೆ. ‘ಹಾಡು’, ‘ನಾಟಕ’ ಮಾತ್ರ ಒಂದೊಂದೇ ಇವೆ. ಕಾಗುಣಿತ ಹತ್ತು ಸಲ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಸಾಫ್ಟ್‌ವೇರಿನಲ್ಲಿ ಎರಡನ್ನೂ ಸೇರಿಸಿದರೆ ಮುಂದಿನ ಸಲ ಅದು ಫೋಲ್ಡರ್‌ಗಳನ್ನು ಸ್ಕ್ಯಾನ್ ಮಾಡಿದಾಗ ಮತ್ತೆ ಎರಡಾಗುತ್ತವೆ. ಕೆಲವು ಫೋಲ್ಡರ್‌ಗಳು ಅಣ್ಣನ ಹಳೆಯ ಮ್ಯಾಕ್‌ನಿಂದ ಬಂದವು. ಏನಾಗಿದೆ ಇದಕ್ಕೆ?

ಉತ್ತರ: ‘ಗೀತೆ’, ‘ಫೋಟೋ’ ಎರಡಾಗಿವೆ, ‘ಹಾಡು’, ‘ನಾಟಕ’ ಒಂದೇ ಉಳಿದಿವೆ ಅಂತ ಬರೆದಿದ್ದೀರಲ್ಲ, ಅಲ್ಲೇ ಕಾರಣ ಸಿಕ್ಕಿಬಿಟ್ಟಿತು. ಇಷ್ಟು ಚೆನ್ನಾಗಿ ಗಮನಿಸಿ ಬರೆದಿದ್ದಕ್ಕೆ ಥ್ಯಾಂಕ್ಸ್.

ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಸಂಖ್ಯೆಗಳ ಪಟ್ಟಿಯಲ್ಲಿ, ನಮ್ಮ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಗುರುತಿಗೂ ಒಂದೊಂದು ಸಂಖ್ಯೆ ಇದೆ. ಆದರೆ ಕನ್ನಡದ ಐದು ಗುರುತುಗಳನ್ನು ಎರಡು ರೀತಿಯಲ್ಲಿ ಬರೆಯಬಹುದು: ೀ, ೇ, ೈ, ೊ, ೋ. ‘ಗೀ’ ಎಂಬಲ್ಲಿನ ದೀರ್ಘವನ್ನು ಒಂದೇ ಸಂಖ್ಯೆಯಾಗಿ ಇಡಬಹುದು. ಇಲ್ಲವೇ ಗುಡಿಸು ಒಂದು, ಅದರ ಪಕ್ಕದ ದೀರ್ಘದ ಗುರುತು ಇನ್ನೊಂದು ಅಂತ ಬಿಡಿಸಿ ಎರಡಾಗಿ ಇಡಬಹುದು. ‘ೋ’ ಬಿಡಿಸಿದರೆ ಮೂರು ತುಂಡಾಗುತ್ತದೆ. ಹಾಗಾಗಿ ‘ಫೋಟೋ’ ಎಂಬ ಪದ ಒಂದು ಕಡೆ 4 ಸಂಖ್ಯೆ, ಇನ್ನೊಂದು ಕಡೆ 8 ಸಂಖ್ಯೆ. ತೆರೆಯ ಮೇಲೆ ಎರಡೂ ಒಂದೇ ಥರ. ಕಂಪ್ಯೂಟರ್ ಮಾತ್ರ ಸಂಖ್ಯೆ ಹೋಲಿಸಿ ನೋಡುತ್ತದೆ, ಅದಕ್ಕೆ ಇವು ಬೇರೆ ಬೇರೆ ಪದ. ‘ಹಾಡು’, ‘ನಾಟಕ’ ಪದಗಳಲ್ಲಿ ಈ ಐದರಲ್ಲಿ ಒಂದೂ ಇಲ್ಲ. ಅದಕ್ಕೇ ಅವು ಒಡೆಯಲಿಲ್ಲ.

ಅಣ್ಣನ ಮ್ಯಾಕ್ ಹಳೆಯದು ಅಂದಿರಿ. ಆ ಕಾಲದ ಮ್ಯಾಕ್ ಡಿಸ್ಕುಗಳಲ್ಲಿ ಎಚ್‌ಎಫ್‌ಎಸ್ ಪ್ಲಸ್ ಎಂಬ, ಫೈಲುಗಳನ್ನು ಇಡುವ ವ್ಯವಸ್ಥೆ ಇತ್ತು. ಫೈಲಿನ ಹೆಸರನ್ನು ಉಳಿಸುವಾಗ ಅದು ಹೀಗೆ ಬಿಡಿಸಿಯೇ ಉಳಿಸುತ್ತಿತ್ತು. 2017ರಿಂದ ಬಂದ ಎಪಿಎಫ್‌ಎಸ್ ಹಾಗೆ ಬಿಡಿಸುವುದಿಲ್ಲ, ಟೈಪ್ ಮಾಡಿದ ಹಾಗೆಯೇ ಇಡುತ್ತದೆ. ನಿಮ್ಮ ಕೀಬೋರ್ಡ್ ಒಂದೇ ಸಂಖ್ಯೆಯಲ್ಲಿ ಬರೆಯುತ್ತದೆ. ಅಣ್ಣನ ಫೋಲ್ಡರ್ ಬಿಡಿಸಿದ ಹೆಸರು ಹೊತ್ತು ಬಂತು. ನಿಮ್ಮ ಸಾಫ್ಟ್‌ವೇರ್ ಫೋಲ್ಡರಿನ ಹೆಸರು ನೋಡಿ ವಿಭಾಗ ಮಾಡುತ್ತದೆ. ಹೀಗೆ ಎರಡಾಯಿತು.

ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂ ‘ಫೋಟೋ’ ಹೆಸರುಗಳನ್ನು ಒಂದು ಖಾಲಿ ಪುಟದಲ್ಲಿ ಬೇರೆ ಬೇರೆ ಸಾಲಿನಲ್ಲಿ ಅಂಟಿಸಿ. ಪದದ ಕೊನೆಯಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತುತ್ತಾ ಎಣಿಸಿ. ಸಾಮಾನ್ಯವಾಗಿ ಒಂದು ನಾಲ್ಕು ಸಲಕ್ಕೆ ಅಳಿಸಿಹೋಗುತ್ತದೆ. ಇನ್ನೊಂದಕ್ಕೆ ಎಂಟು ಸಲ ಬೇಕು. ಆ ಎಂಟರದ್ದೇ ಮ್ಯಾಕ್‌ನಿಂದ ಬಂದದ್ದು.

ಈಗ ತಿದ್ದುವ ಕೆಲಸ. ತಪ್ಪು ಇರುವುದು ಫೋಲ್ಡರಿನ ಹೆಸರಿನಲ್ಲಿ. ನೀವು ತಿದ್ದಿದ್ದು ಸಾಫ್ಟ್‌ವೇರಿನ ಡೇಟಾಬೇಸಿನಲ್ಲಿ. ಅದಕ್ಕೇ ಪ್ರತಿ ಸ್ಕ್ಯಾನಿಗೂ ಅದು ವಾಪಸ್ ಬರುತ್ತಿದೆ. ಲೈಬ್ರರಿ ಸಾಫ್ಟ್‌ವೇರನ್ನು ಮುಚ್ಚಿ. ಬಿಡಿಸಿದ ಹೆಸರಿನ ಫೋಲ್ಡರಿನಿಂದ ಫೈಲುಗಳನ್ನು ಸರಿಯಾದ ಫೋಲ್ಡರಿಗೆ ಸಾಗಿಸಿ, ಖಾಲಿಯಾದದ್ದನ್ನು ಅಳಿಸಿ. ಸಾಗಿಸುವಾಗ ‘ಈ ಹೆಸರಿನ ಫೈಲ್ ಆಗಲೇ ಇದೆ’ ಅಂತ ಕೇಳಿದರೆ ಅವಸರದಲ್ಲಿ ಹೌದು ಅನ್ನಬೇಡಿ. ಎರಡು ಬೇರೆ ಹಾಡುಗಳಿಗೂ ‘01’ ಅಂತಲೇ ಹೆಸರಿರುತ್ತದೆ, ಒಂದು ಇನ್ನೊಂದನ್ನು ಅಳಿಸಿಬಿಡುತ್ತದೆ. ಫೋಲ್ಡರ್‌ಗಳು ನೂರಾರು ಇದ್ದರೆ ಲಿನಕ್ಸ್‌ನಲ್ಲಿ ಕನ್ವ್‌ಎಂವಿ ಎಂಬ ಸಾಧನ ಇದೆ. ಬಿಡಿಸಿದ ಹೆಸರುಗಳನ್ನು ಅದು ಒಟ್ಟಿಗೇ ಕೂಡಿಸಿಕೊಡುತ್ತದೆ. ಮೊದಲ ಸಲ ಓಡಿಸಿದಾಗ ಏನು ಬದಲಾಗಲಿದೆ ಅಂತ ತೋರಿಸುತ್ತದೆ ಅಷ್ಟೇ, ನಿಜವಾಗಿ ಬದಲಿಸುವುದಿಲ್ಲ. ಆ ಪಟ್ಟಿಯನ್ನು ಪೂರ್ತಿ ಓದಿ, ಆಮೇಲೆ ಒಪ್ಪಿಗೆ ಕೊಡಿ.

ಇದೇ ಜಾತಿಯ ಇನ್ನೂ ಕೆಲವು ತೊಂದರೆಗಳಿವೆ. ಅವು ಕನ್ನಡದಲ್ಲಿ ವಿಭಾಗ ಮಾಡುವ ಎಲ್ಲರಿಗೂ ಎದುರಾಗುವಂಥವು, ಅದಕ್ಕೆ ಇಲ್ಲೇ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಸಂಗ್ರಹದಲ್ಲಿ ‘ಸಂದರ್ಶನ’ ಎಂಬ ವಿಭಾಗ ಮೂರು ಇದ್ದವು. ಒಂದು ಸರಿಯಾದದ್ದು. ಇನ್ನೊಂದರಲ್ಲಿ ಅನುಸ್ವಾರದ ಸೊನ್ನೆಯ ಜಾಗಕ್ಕೆ ಯಾರೋ ಕನ್ನಡದ ಅಂಕಿ ಸೊನ್ನೆ ಹಾಕಿದ್ದರು: ‘ಸ೦ದರ್ಶನ’. ಮೂರನೆಯದರಲ್ಲಿ ಅರ್ಕಾವತ್ತಿನ ಬದಲು ಅಂಕಿ ಒಂಬತ್ತು: ‘ಸಂದಶ೯ನ’. ಹಳೆಯ ಟೈಪಿಂಗ್ ಅಭ್ಯಾಸ ಇರುವವರು ಹೀಗೆ ಬರೆಯುತ್ತಾರೆ, ಕಾಗದದ ಮೇಲೆ ಅಚ್ಚು ಹಾಕಿದರೆ ಏನೂ ತೊಂದರೆ ಇಲ್ಲ. ಹುಡುಕುವಾಗ ಮಾತ್ರ ಆ ಫೈಲ್ ಸಿಗುವುದೇ ಇಲ್ಲ. ನಾವು 340 ಧ್ವನಿಮುದ್ರಣಗಳನ್ನು ಎರಡು ವಾರ ಕೂತು ಸರಿಮಾಡಿದೆವು. ಒಬ್ಬ ಹಿರಿಯರ ಎರಡು ಗಂಟೆಯ ಮಾತು ‘ಕಳೆದುಹೋಗಿದೆ’ ಅಂತ ಪಟ್ಟಿಯಲ್ಲಿ ಬರೆದಿತ್ತು. ಅದು ಕಳೆದಿರಲಿಲ್ಲ, ಒಂಬತ್ತರ ಅಂಕಿಯ ಹಿಂದೆ ಕೂತಿತ್ತು. ಅದು ಸಿಕ್ಕ ದಿನ ನನಗಾದ ಖುಷಿ ಇನ್ನೂ ನೆನಪಿದೆ. ನೀವೂ ನಿಮ್ಮ ವಿಭಾಗಗಳ ಪಟ್ಟಿಯನ್ನು ಒಂದು ಪುಟಕ್ಕೆ ಅಂಟಿಸಿ, ಅದರಲ್ಲಿ ಬರೀ ‘೦’, ಆಮೇಲೆ ಬರೀ ‘೯’ ಹುಡುಕಿ ನೋಡಿ. ಅಂಕಿ ಇರಬೇಕಾದ ಕಡೆ ಬಿಟ್ಟು ಬೇರೆಲ್ಲಾದರೂ ಸಿಕ್ಕರೆ ತಿದ್ದಿ.

ಪದದ ಕೊನೆಯಲ್ಲಿ ಉಳಿಯುವ ಖಾಲಿ ಜಾಗ ಕೂಡ ಹೀಗೇ ಕಾಡುತ್ತದೆ. ‘ಆಲ್ಬಮ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳಲ್ಲಿ ಕೆಲವು ಕೀಬೋರ್ಡುಗಳು ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುತ್ತವೆ. ಮಧ್ಯದಲ್ಲಿ ಅದು ಬೇಕು. ‘ಆಲ್ಬಮ್‌ಗಳು’ ಅಂತ ಬಿಡಿಯಾಗಿ ಕಾಣುವುದು ಅದರಿಂದಲೇ. ಕೊನೆಯಲ್ಲಿ ಅದಕ್ಕೆ ಕೆಲಸ ಇಲ್ಲ, ಆದರೂ ಹೆಸರನ್ನು ಬೇರೆ ಮಾಡಿಬಿಡುತ್ತದೆ. ಇದಕ್ಕೆ ಸುಲಭದ ದಾರಿ: ವಿಭಾಗದ ಹೆಸರನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡಬೇಡಿ. ಇರುವ ಪಟ್ಟಿಯಿಂದಲೇ ಆರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಅಜ್ಜಿ ಹಾಡಿದ 26 ಲಾಲಿ ಹಾಡುಗಳನ್ನು ಎಂಪಿ3 ಮಾಡಿ ಇಟ್ಟಿದ್ದೇವೆ. ಪ್ಲೇಯರ್ ಅವೆಲ್ಲವನ್ನೂ ‘ಬ್ಲೂಸ್’ ವಿಭಾಗಕ್ಕೆ ಹಾಕುತ್ತದೆ. ನಾವು ಯಾರೂ ಹಾಗೆ ಬರೆದಿಲ್ಲ. ಹಾಡಿನ ಹೆಸರೂ ಅರ್ಧಕ್ಕೆ ನಿಂತು ಚೌಕ ಚೌಕ ಕಾಣುತ್ತದೆ.

ಉತ್ತರ: ನೀವು ಬರೆದಿಲ್ಲ, ನಿಜ. ಆ ಫೈಲನ್ನು ಮಾಡಿದ ಸಾಫ್ಟ್‌ವೇರ್ ಒಂದು ಸೊನ್ನೆಯನ್ನು ಹಾಗೆಯೇ ಬಿಟ್ಟುಹೋಗಿರಬೇಕು.

1996ರಲ್ಲಿ ಎಂಪಿ3 ಫೈಲುಗಳಿಗೆ ಐಡಿ3 ಎಂಬ ಟ್ಯಾಗ್ ಬಂತು. ಫೈಲಿನ ಕೊನೆಗೆ ಅಂಟಿಸಿದ 128 ಬೈಟ್‌ಗಳ ಒಂದು ಚೀಟಿ ಅಂದುಕೊಳ್ಳಿ. ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್, ಹಾಡಿದವರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30. ವಿಭಾಗಕ್ಕೆ ಸಿಕ್ಕಿದ್ದು ಒಂದೇ ಒಂದು ಬೈಟ್. ಅಲ್ಲಿ ಪದ ಬರೆಯಲು ಜಾಗ ಇಲ್ಲ, ಒಂದು ಸಂಖ್ಯೆ ಮಾತ್ರ ಇಡಬಹುದು. ಯಾವ ಸಂಖ್ಯೆಗೆ ಯಾವ ವಿಭಾಗ ಅಂತ ಮೊದಲು 80 ಹೆಸರುಗಳ ಪಟ್ಟಿ ಮಾಡಿದ್ದರು. ಆ ಪಟ್ಟಿ ಶುರುವಾಗುವುದು ಸೊನ್ನೆಯಿಂದ, ಮತ್ತು ಸೊನ್ನೆ ಅಂದರೆ ಬ್ಲೂಸ್ ಎಂಬ ಅಮೆರಿಕದ ಸಂಗೀತ ಪ್ರಕಾರ. ಏನೂ ತುಂಬದೆ ಬಿಟ್ಟ ಬೈಟ್‌ನಲ್ಲಿ ಸೊನ್ನೆ ಇರುತ್ತದೆ ಅಲ್ವಾ? ಪ್ಲೇಯರ್ ಅದನ್ನು ನಂಬಿ ಬ್ಲೂಸ್ ಅನ್ನುತ್ತದೆ. ಎಷ್ಟೋ ಜನರ ಲೈಬ್ರರಿಯಲ್ಲಿ ಬ್ಲೂಸ್ ವಿಭಾಗ ಉಬ್ಬಿಕೊಂಡಿರುವುದು ಈ ಒಂದೇ ಕಾರಣಕ್ಕೆ. ಆ 80ರ ಪಟ್ಟಿಯಲ್ಲಿ ಲಾಲಿ ಹಾಡು ಎಂಬ ವಿಭಾಗವೇ ಇಲ್ಲ. ಪೋಲ್ಕಾ ಎಂಬ ಯುರೋಪಿನ ಕುಣಿತಕ್ಕೆ ಜಾಗ ಇದೆ, ಲಾಲಿಗೆ ಇಲ್ಲ. ಇದು ನನಗೆ ಯಾವತ್ತೂ ಬೇಸರದ ವಿಷಯ.

ಹೆಸರು ಅರ್ಧಕ್ಕೆ ನಿಲ್ಲುವುದೂ ಅದೇ ಚೀಟಿಯಿಂದ. ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ರೀತಿಯಲ್ಲಿ ಕನ್ನಡದ ಪ್ರತಿ ಗುರುತಿಗೆ 3 ಬೈಟ್ ಬೇಕು. 30 ಬೈಟ್‌ನಲ್ಲಿ ಹತ್ತು ಗುರುತು ಹಿಡಿಯುತ್ತವೆ ಅಷ್ಟೇ. ‘ಲಾಲಿ ಹಾಡು’ 25 ಬೈಟ್, ಹಿಡಿಯುತ್ತದೆ. ‘ಅಜ್ಜಿಯ ಲಾಲಿ ಹಾಡು’ 44 ಬೈಟ್, ಹಿಡಿಯುವುದಿಲ್ಲ. ಅಲ್ಲದೆ ಇದು ಯಾವ ಲಿಪಿ ಅಂತ ಹೇಳುವ ವ್ಯವಸ್ಥೆಯೂ ಆ ಚೀಟಿಯಲ್ಲಿ ಇಲ್ಲ. ಅದಕ್ಕೆ ಚೌಕಗಳು.

1998ರಿಂದ ಐಡಿ3ಯ ಎರಡನೇ ಆವೃತ್ತಿ ಬಂತು. ಅದು ಫೈಲಿನ ಮುಂಭಾಗದಲ್ಲಿ ಇರುತ್ತದೆ. ಅದರಲ್ಲಿ 30 ಬೈಟಿನ ಮಿತಿ ಇಲ್ಲ, ವಿಭಾಗವನ್ನು ಪದದಲ್ಲೇ ಬರೆಯಬಹುದು. ಎಂಪಿ3ಟ್ಯಾಗ್ ಅಥವಾ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್‌ನಂಥ ಟ್ಯಾಗ್ ತಿದ್ದುವ ಸಾಫ್ಟ್‌ವೇರಿನಲ್ಲಿ 26 ಫೈಲನ್ನೂ ಒಟ್ಟಿಗೆ ತೆರೆಯಿರಿ. ವಿಭಾಗದ ಜಾಗದಲ್ಲಿ ‘ಲಾಲಿ’ ಅಂತ ಕನ್ನಡದಲ್ಲೇ ಬರೆಯಿರಿ. ಹಳೆಯ ಮೊದಲ ಆವೃತ್ತಿಯ ಟ್ಯಾಗನ್ನು ತೆಗೆದುಹಾಕಿ. ಉಳಿಸುವಾಗ 2.3 ಆವೃತ್ತಿ, ಯುಟಿಎಫ್-16 ಆರಿಸಿ. 2.4 ಅದಕ್ಕಿಂತ ಹೊಸದು, ಆದರೆ ಹಳೆಯ ಪ್ಲೇಯರ್‌ಗಳಿಗೆ 2.3 ಚೆನ್ನಾಗಿ ಗೊತ್ತು. ವಿಭಾಗದ ಜಾಗದಲ್ಲಿ ಎಲ್ಲಾದರೂ ಕಂಸದೊಳಗೆ 12 ಅಂತ ಬರೀ ಅಂಕಿ ಕಂಡರೆ ಗಾಬರಿ ಬೇಡ. ಅದು ಆ ಹಳೆಯ ಪಟ್ಟಿಯ ಸಂಖ್ಯೆ, ‘ಇತರೆ’ ಅಂತ ಅರ್ಥ.

ಹಾಡಿದವರ ಜಾಗ ಖಾಲಿ ಇದ್ದರೆ ಅಜ್ಜಿಯ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ‘ಅಜ್ಜಿ’ ಅಂತ ಬರೆದರೆ ಇನ್ನು ನಲವತ್ತು ವರ್ಷದ ಮೇಲೆ ಕೇಳುವವರಿಗೆ ಯಾರ ಅಜ್ಜಿ ಅಂತ ತಿಳಿಯುವುದಿಲ್ಲ.

ಪ್ರಶ್ನೆ: ಹೊಸ ಕಂಪ್ಯೂಟರ್ ತಂದೆ. ಫೋಟೋ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಂಡೆ, ಒಂದೂ ಬಿಟ್ಟಿಲ್ಲ. ಆದರೆ ಎರಡು ವರ್ಷದಿಂದ ಹಾಕಿದ್ದ ವಿಭಾಗಗಳು, ಟ್ಯಾಗ್‌ಗಳು ಒಂದೂ ಇಲ್ಲ. ಎಲ್ಲ ಫೋಟೋ ಮತ್ತೆ ಬೋಳು. ಹಳೆಯ ಕಂಪ್ಯೂಟರನ್ನು ಈ ವಾರ ಬೇರೆಯವರಿಗೆ ಕೊಡಬೇಕು.

ಉತ್ತರ: ದಯವಿಟ್ಟು ಈ ವಾರ ಕೊಡಬೇಡಿ. ನಿಮ್ಮ ಎರಡು ವರ್ಷದ ಕೆಲಸ ಇನ್ನೂ ಆ ಹಳೆಯ ಕಂಪ್ಯೂಟರಿನಲ್ಲೇ ಇದೆ.

ಈ ಪತ್ರ ಓದಿ ಮನಸ್ಸು ಹಿಂದಕ್ಕೆ ಹೋಯಿತು. ನನಗೂ ಹೀಗೇ ಆಗಿತ್ತು. ಮನೆಯ 1800 ಫೋಟೋಗಳಿಗೆ ಮೂರು ತಿಂಗಳು ಸಂಜೆ ಹೊತ್ತು ಕೂತು ವಿಭಾಗ ಹಾಕಿದ್ದೆ. ಯಾರ ಮದುವೆ, ಯಾವ ಮನೆ, ಪಕ್ಕದಲ್ಲಿ ನಿಂತವರು ಯಾರು, ಎಲ್ಲ. ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆಮೇಲೆ ಡಿಸ್ಕ್ ಕೆಟ್ಟಿತು. ಫೋಟೋಗಳಿಗೆ ಇನ್ನೊಂದು ಡಿಸ್ಕಿನಲ್ಲಿ ಬ್ಯಾಕಪ್ ಇತ್ತು. ಬರೆದದ್ದಕ್ಕೆ ಇರಲಿಲ್ಲ, ಯಾಕಂದರೆ ಅದು ಫೋಟೋದ ಒಳಗೆ ಇರಲೇ ಇಲ್ಲ. ಸಾಫ್ಟ್‌ವೇರ್ ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಂಡಿತ್ತು. ಎರಡನೇ ಸಲ ಬರೆಯಲು ಕೂತಾಗ ಅಮ್ಮನಿಗೆ ಕೆಲವರ ಹೆಸರು ನೆನಪಿಗೆ ಬರಲಿಲ್ಲ.

ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇನೆ. ಫೋಟೋದಲ್ಲಿ ಚಿತ್ರದ ಜೊತೆಗೇ ಮಾಹಿತಿ ಬರೆಯುವ ಜಾಗಗಳಿವೆ. ಎಕ್ಸಿಫ್ ಎಂಬಲ್ಲಿ ಕ್ಯಾಮೆರಾ ತಾನೇ ದಿನಾಂಕ ಇತ್ಯಾದಿ ಬರೆಯುತ್ತದೆ. ಐಪಿಟಿಸಿ, ಎಕ್ಸ್‌ಎಂಪಿ ಎಂಬಲ್ಲಿ ನಾವು ವಿವರ, ವಿಭಾಗ, ಹೆಸರು ಬರೆಯಬಹುದು. ಅಲ್ಲಿ ಬರೆದರೆ ಫೋಟೋ ಎಲ್ಲಿಗೆ ಹೋದರೂ ಅದು ಜೊತೆಗೆ ಹೋಗುತ್ತದೆ. ಆದರೆ ಅನೇಕ ಸಾಫ್ಟ್‌ವೇರ್‌ಗಳು ನಾವು ಹೇಳದೆ ಫೈಲಿನ ಒಳಗೆ ಬರೆಯುವುದಿಲ್ಲ. ಮೂಲ ಫೈಲನ್ನು ಮುಟ್ಟಬಾರದು ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದೆ ಇದೆ. ನಾವೇ ಹೋಗಿ ಆ ಸೆಟ್ಟಿಂಗನ್ನು ಆನ್ ಮಾಡಬೇಕು.

ಹಳೆಯ ಕಂಪ್ಯೂಟರ್ ತೆರೆಯಿರಿ. ಲೈಬ್ರರಿ ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ‘ಮೆಟಾಡೇಟಾ’ ಎಂಬ ಭಾಗ ಹುಡುಕಿ. ಡಿಜಿಕ್ಯಾಮ್‌ನಲ್ಲಿ ಟ್ಯಾಗ್‌ಗಳನ್ನು ಫೈಲಿಗೆ ಬರೆಯುವ ಆಯ್ಕೆ ಅಲ್ಲೇ ಸಿಗುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಾದರೆ ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಬದಲಾವಣೆಗಳನ್ನು ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆ ಇದೆ. ಇಲ್ಲವೇ ಎಲ್ಲ ಫೋಟೋ ಆರಿಸಿ ಕಂಟ್ರೋಲ್ ಮತ್ತು ಎಸ್ ಒತ್ತಿದರೂ ಆಯಿತು. ಒಂದು ಎಚ್ಚರ: ಲೈಟ್‌ರೂಮ್‌ನ ‘ಕಲೆಕ್ಷನ್’ಗಳು ಹೀಗೆ ಫೈಲಿನೊಳಗೆ ಹೋಗುವುದಿಲ್ಲ, ಕೀವರ್ಡ್‌ಗಳು (ಅಲ್ಲಿ ಟ್ಯಾಗ್‌ಗಳಿಗೆ ಇರುವ ಹೆಸರು) ಮಾತ್ರ ಹೋಗುತ್ತವೆ. ಕಲೆಕ್ಷನ್ ಮಾಡಿದ್ದರೆ ಮೊದಲು ಅದರ ಹೆಸರನ್ನೇ ಕೀವರ್ಡ್ ಆಗಿ ಹಾಕಿ. ಕ್ಯಾಮೆರಾದ ರಾ ಫೈಲುಗಳಿಗೆ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಇಟ್ಟ ಮೂಲ ಫೋಟೋಗಳಿಗೆ, ಸಾಮಾನ್ಯವಾಗಿ ಪಕ್ಕದಲ್ಲೇ ಅದೇ ಹೆಸರಿನ ಒಂದು ಸಣ್ಣ ಎಕ್ಸ್‌ಎಂಪಿ ಫೈಲ್ ಹುಟ್ಟುತ್ತದೆ. ಅದು ಕಸ ಅಂದುಕೊಂಡು ಅಳಿಸಬೇಡಿ, ನಿಮ್ಮ ವಿಭಾಗ ಇರುವುದು ಅದರಲ್ಲೇ.

ಬರೆದು ಮುಗಿದ ಮೇಲೆ ನಂಬಿ ಕೂರಬೇಡಿ, ಪರೀಕ್ಷಿಸಿ. ಒಂದೇ ಒಂದು ಫೋಟೋವನ್ನು ಹೊಸ ಕಂಪ್ಯೂಟರಿಗೆ ಒಯ್ದು ಬೇರೆ ಯಾವುದಾದರೂ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಟ್ಯಾಗ್ ಕಂಡಿತೇ? ಹಾಗಾದರೆ ಮಿಕ್ಕದ್ದನ್ನು ನಕಲು ಮಾಡಿ. ಜೊತೆಗೆ ಹಳೆಯ ಡೇಟಾಬೇಸ್ ಫೈಲನ್ನೂ ತೆಗೆದಿಡಿ. ಇಷ್ಟೆಲ್ಲ ಆದ ಮೇಲೆ ಹಳೆಯ ಕಂಪ್ಯೂಟರನ್ನು ಧಾರಾಳವಾಗಿ ಕೊಡಿ.

ಪ್ರಶ್ನೆ: ಆ್ಯಂಡ್ರಾಯ್ಡ್ ಫೋನಿನಲ್ಲಿ ಹಾಡು ಕೇಳುತ್ತಿದ್ದರೆ ನಡುನಡುವೆ ನಾನು ರೆಕಾರ್ಡ್ ಮಾಡಿದ ಪಾಠಗಳು, ಮೀಟಿಂಗ್‌ಗಳು ಬರುತ್ತವೆ. ಹಾಡಿನ ವಿಭಾಗದಿಂದ ಅವನ್ನು ತೆಗೆಯುವುದು ಹೇಗೆ?

ಉತ್ತರ: ಇಲ್ಲಿ ವಿಭಾಗ ಇರುವುದು ಫೋಲ್ಡರಿನಲ್ಲಿ. ಆ್ಯಂಡ್ರಾಯ್ಡ್ ಒಂದು ಧ್ವನಿ ಫೈಲ್ ಯಾವ ಫೋಲ್ಡರಿನಲ್ಲಿದೆ ಅಂತ ನೋಡಿ ಇದು ರಿಂಗ್‌ಟೋನ್, ಇದು ಅಲಾರಂ, ಇದು ಪಾಡ್‌ಕಾಸ್ಟ್ ಅಂತ ತೀರ್ಮಾನಿಸುತ್ತದೆ. ಈ ಯಾವುದರಲ್ಲೂ ಇಲ್ಲದಿದ್ದರೆ ಹಾಡು ಅಂದುಕೊಳ್ಳುತ್ತದೆ. ಆ್ಯಂಡ್ರಾಯ್ಡ್ 12ರಿಂದ ‘ರೆಕಾರ್ಡಿಂಗ್ಸ್’ ಎಂಬ ಫೋಲ್ಡರಿಗೂ ಬೇರೆ ವಿಭಾಗ ಸಿಕ್ಕಿದೆ. ಫೋನ್ ಹೊಸದಾಗಿದ್ದರೆ ಅಲ್ಲಿಗೆ ಸಾಗಿಸಿ. ಹಳೆಯದಾಗಿದ್ದರೆ ‘ಪಾಡ್‌ಕಾಸ್ಟ್ಸ್’ ಫೋಲ್ಡರಿಗೆ ಹಾಕಿ, ಕೆಲಸ ನಡೆಯುತ್ತದೆ.

ಫೋಲ್ಡರಿನೊಳಗೆ ‘ನೋಮೀಡಿಯಾ’ ಎಂಬ ಖಾಲಿ ಫೈಲ್ ಇಡಿ ಅಂತ ಯಾರಾದರೂ ಹೇಳಬಹುದು. ಹೆಸರಿನ ಮುಂದೆ ಒಂದು ಚುಕ್ಕೆ ಇರುವ ಫೈಲ್ ಅದು. ಅದನ್ನು ಇಟ್ಟರೆ ಆ ಫೋಲ್ಡರಿನ ಫೋಟೋ, ವಿಡಿಯೋ, ಧ್ವನಿ ಎಲ್ಲವೂ ಗ್ಯಾಲರಿಯಿಂದಲೂ ಪ್ಲೇಯರಿನಿಂದಲೂ ಮರೆಯಾಗುತ್ತವೆ. ಆರು ತಿಂಗಳ ಮೇಲೆ ಫೋಟೋ ಮಾಯವಾಗಿದೆ ಅಂತ ನನಗೆ ಪತ್ರ ಬರೆಯುವವರಲ್ಲಿ ಹಲವರು ಇದನ್ನು ಇಟ್ಟು ಮರೆತವರೇ.

ಪ್ರಶ್ನೆ: ನನ್ನ ಫೋಟೋ ಲೈಬ್ರರಿ ಇಸವಿ ಪ್ರಕಾರ ವಿಭಾಗ ಮಾಡುತ್ತದೆ. 1970ರಲ್ಲಿ 9 ಫೋಟೋ, 1980ರಲ್ಲಿ 143 ಫೋಟೋ ಇವೆ. ಆಗ ನಾನು ಹುಟ್ಟಿಯೇ ಇರಲಿಲ್ಲ!

ಉತ್ತರ: ಎರಡೂ ಇಸವಿಗೆ ಬೇರೆ ಬೇರೆ ಕಾರಣ. ಅನೇಕ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಾಲವನ್ನು ಎಣಿಸುತ್ತವೆ. ದಿನಾಂಕ ಸಿಗದೆ ಸೊನ್ನೆ ಉಳಿದರೆ ಆ ದಿನ ತೋರಿಸುತ್ತವೆ. ಮೆಮೊರಿ ಕಾರ್ಡುಗಳಲ್ಲಿ ಬಳಸುವ ಫ್ಯಾಟ್ ವ್ಯವಸ್ಥೆಯ ಲೆಕ್ಕ 1980ರ ಜನವರಿ 1ರಿಂದ ಶುರು. ನಿಮ್ಮ 143 ಫೋಟೋಗಳು ಬಹುಶಃ ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ಮೊದಲಿಗೆ ಹೋದ ಕ್ಯಾಮೆರಾದಲ್ಲಿ ತೆಗೆದವು.

ಖುಷಿಯ ಸಂಗತಿ ಏನೆಂದರೆ ಗಡಿಯಾರ ತಪ್ಪಾಗಿದ್ದರೂ ಅದು ಓಡುತ್ತಲೇ ಇತ್ತು. ಫೋಟೋಗಳ ನಡುವಿನ ಅಂತರ ಸರಿಯಾಗಿಯೇ ಇದೆ. ಅವುಗಳಲ್ಲಿ ದಿನ ಗೊತ್ತಿರುವ ಒಂದೇ ಒಂದು ಫೋಟೋ ಹುಡುಕಿ. ಹುಟ್ಟುಹಬ್ಬ, ಗೋಡೆಯ ಕ್ಯಾಲೆಂಡರ್, ಕೈಯಲ್ಲಿರುವ ದಿನಪತ್ರಿಕೆ, ಏನಾದರೂ ಸಿಗುತ್ತದೆ. ಅದರ ನಿಜವಾದ ದಿನಕ್ಕೂ ಫೈಲಿನಲ್ಲಿರುವ ದಿನಕ್ಕೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿ, ಗಡಿಯಾರ ಮತ್ತೆ ಕೆಡದ ತನಕದ ಫೋಟೋಗಳನ್ನೆಲ್ಲ ಅಷ್ಟೇ ಮುಂದಕ್ಕೆ ಸರಿಸಿ. ಎಕ್ಸಿಫ್‌ಟೂಲ್ ಅಥವಾ ಡಿಜಿಕ್ಯಾಮ್ ಇದನ್ನು ಒಂದೇ ಸಲಕ್ಕೆ ಮಾಡುತ್ತವೆ. ಎಕ್ಸಿಫ್‌ಟೂಲ್ ಮೂಲ ಫೈಲಿನ ಒಂದು ನಕಲನ್ನೂ ಇಟ್ಟಿರುತ್ತದೆ. ಫಲಿತಾಂಶ ನೋಡುವ ತನಕ ಅದನ್ನು ಅಳಿಸಬೇಡಿ.

ಆ 9 ಫೋಟೋಗಳ ಹೆಸರು ನೋಡಿ. ಐಎಂಜಿ, ಆಮೇಲೆ ಎಂಟು ಅಂಕಿ, ಆಮೇಲೆ ಡಬ್ಲ್ಯೂಎ ಅಂತ ಇದ್ದರೆ ಅವು ವಾಟ್ಸಾಪ್‌ನಿಂದ ಬಂದವು. ಹಾಗೆ ಬಂದ ಫೋಟೋದಲ್ಲಿ ಕ್ಯಾಮೆರಾ ಬರೆದ ದಿನಾಂಕ ಉಳಿದಿರುವುದಿಲ್ಲ. ಆ ಎಂಟು ಅಂಕಿಯೇ ವರ್ಷ, ತಿಂಗಳು, ದಿನ. ಅದು ಫೋಟೋ ತೆಗೆದ ದಿನ ಅಲ್ಲ, ಕಳಿಸಿದ ಹೊತ್ತಿನದು. ಏನೂ ಇಲ್ಲದ್ದಕ್ಕಿಂತ ಮೇಲು ಅಂತ ಇಟ್ಟುಕೊಳ್ಳಿ. ಮುಖ್ಯವಾದದ್ದಾದರೆ ತೆಗೆದವರ ಹತ್ತಿರ ಮೂಲ ಫೈಲನ್ನೇ ಕೇಳಿ.

ಪ್ರಶ್ನೆ: ಮಗಳು ಮೊದಲ ಸಲ ನಡೆದ ವಿಡಿಯೋ ಮನೆಯ ಮೀಡಿಯಾ ಸರ್ವರಿನಲ್ಲಿದೆ. ಅದಕ್ಕೆ ಯಾವುದೋ ಸಿನಿಮಾದ ಪೋಸ್ಟರ್ ಬಂದು ಕೂತಿದೆ, ಥ್ರಿಲ್ಲರ್ ಅಂತ ಬೇರೆ ತೋರಿಸುತ್ತದೆ. ಅಳಿಸಿ ಮತ್ತೆ ಹಾಕಿದರೂ ಅದೇ.

ಉತ್ತರ: ಮೀಡಿಯಾ ಸರ್ವರ್ ಅಂದರೆ ನಮ್ಮ ವಿಡಿಯೋಗಳನ್ನು ಟಿವಿ, ಫೋನುಗಳಿಗೆ ಒದಗಿಸುವ ಸಾಫ್ಟ್‌ವೇರ್. ಅದು ಫೈಲಿನ ಹೆಸರು ನೋಡಿ ಇಂಟರ್ನೆಟ್‌ನಲ್ಲಿರುವ ಸಿನಿಮಾ ಪಟ್ಟಿಯಲ್ಲಿ ಹುಡುಕುತ್ತದೆ. ಹತ್ತಿರದ ಹೆಸರು ಸಿಕ್ಕರೆ ಅಂಟಿಸಿಬಿಡುತ್ತದೆ. ಹಾಗಾಗಿ ಎಷ್ಟು ಸಲ ಅಳಿಸಿದರೂ ಅದೇ ಆಗುತ್ತದೆ. ಮನೆಯ ವಿಡಿಯೋಗಳನ್ನು ಸಿನಿಮಾ ಲೈಬ್ರರಿಯಲ್ಲಿ ಇಡಬೇಡಿ. ಬೇರೆ ಫೋಲ್ಡರ್ ಮಾಡಿ, ಅದನ್ನು ಬೇರೆ ಲೈಬ್ರರಿಯಾಗಿ ಸೇರಿಸಿ. ಸೇರಿಸುವಾಗ ನಿಮ್ಮ ಸರ್ವರ್ ಜೆಲ್ಲಿಫಿನ್ ಆದರೆ ‘ಹೋಮ್ ವಿಡಿಯೋಸ್ ಆ್ಯಂಡ್ ಫೋಟೋಸ್’, ಪ್ಲೆಕ್ಸ್ ಆದರೆ ‘ಅದರ್ ವಿಡಿಯೋಸ್’ ಎಂಬ ಬಗೆ ಆರಿಸಿ. ಆಗ ಅದು ಹೊರಗೆ ಹುಡುಕಲು ಹೋಗುವುದಿಲ್ಲ. ನಿಮ್ಮ ಮಗಳ ಹೆಜ್ಜೆಗೆ ಅದೇ ವಿಡಿಯೋದ ಚಿತ್ರ ಬರುತ್ತದೆ.

ಪ್ರಶ್ನೆ: ನನ್ನದು ತಾಂತ್ರಿಕ ಪ್ರಶ್ನೆ ಅಲ್ಲ. ವಿಭಾಗ ಮಾಡುತ್ತಾ ಮಾಡುತ್ತಾ ‘ಇತರೆ’ಯಲ್ಲಿ 640 ಫೈಲ್ ಸೇರಿವೆ. ಅದನ್ನು ತೆರೆಯಲೇ ಭಯ. ಸುಮ್ನೆ ಹಾಗೇ ಬಿಡಲೇ?

ಉತ್ತರ: ಬಿಡಬೇಡಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಫೈಲುಗಳು ಸೇರುವುದು ‘ಇತರೆ’ಯಲ್ಲೇ. ಯಾವ ವಿಭಾಗಕ್ಕೂ ಸುಲಭವಾಗಿ ಒಗ್ಗದ್ದು ಅಂದರೆ ಅಪರೂಪದ್ದು ಅಂತ ಅಲ್ವಾ?

ಮೊದಲು ಆ ಭಯದ ಕಾರಣ ನೋಡೋಣ. ‘ಇತರೆ’ಯಲ್ಲಿ ಎರಡು ಬೇರೆ ಬೇರೆ ಗುಂಪು ಬೆರೆತಿವೆ. ಏನು ಅಂತ ಗೊತ್ತಿದ್ದೂ ವಿಭಾಗ ಸಿಗದ ಫೈಲುಗಳು ಒಂದು. ಏನು, ಯಾರು ಅಂತಲೇ ಗೊತ್ತಿಲ್ಲದ ಫೈಲುಗಳು ಇನ್ನೊಂದು. ಎರಡನೆಯದಕ್ಕೆ ‘ಯಾರು ಗೊತ್ತಿಲ್ಲ’ ಅಂತ ಬೇರೆಯೇ ವಿಭಾಗ ಮಾಡಿ. ಇಷ್ಟು ಮಾಡಿದರೆ ಅರ್ಧ ಭಾರ ಇಳಿಯುತ್ತದೆ.

ಮೊದಲ ಗುಂಪನ್ನು ದಿನಾಂಕದ ಪ್ರಕಾರ ಜೋಡಿಸಿ, ದಿನಕ್ಕೆ ಇಪ್ಪತ್ತರಂತೆ ನೋಡಿ. 640 ಪೂರ್ತಿ ಇದ್ದರೂ 32 ದಿನ. ಒಂದೇ ಥರದ ಐದಾರು ಸಿಕ್ಕ ಮೇಲಷ್ಟೇ ಹೊಸ ವಿಭಾಗ ತೆರೆಯಿರಿ. ಒಂದೊಂದು ಫೈಲಿಗೆ ಒಂದೊಂದು ವಿಭಾಗ ಮಾಡಿದರೆ ಆಮೇಲೆ ಹುಡುಕುವುದು ಕಷ್ಟ. ಒಂದು ಫೈಲ್ ಎರಡು ಕಡೆಗೂ ಸೇರುತ್ತದೆ ಅನ್ನಿಸಿದರೆ ನಕಲು ಮಾಡಬೇಡಿ. ಫೋಲ್ಡರ್ ಒಂದೇ ಇರಲಿ, ಟ್ಯಾಗ್ ಎರಡು ಹಾಕಿ. ನಾನು ಫೋಲ್ಡರನ್ನು ಇಸವಿ ಪ್ರಕಾರ ಇಡುತ್ತೇನೆ. ವಿಷಯ, ಜನ, ಮನೆ ಇವೆಲ್ಲ ಟ್ಯಾಗಿನಲ್ಲಿ. ಇಸವಿ ಬದಲಾಗುವುದಿಲ್ಲ, ನಮ್ಮ ವಿಭಾಗಗಳು ಬದಲಾಗುತ್ತಾ ಇರುತ್ತವೆ.

‘ಯಾರು ಗೊತ್ತಿಲ್ಲ’ ಗುಂಪನ್ನು ಒಬ್ಬರೇ ಕೂತು ಬಿಡಿಸಲು ಆಗುವುದಿಲ್ಲ. ಮನೆಯ ಹಿರಿಯರಿಗೆ ತೋರಿಸಿ. ಒಟ್ಟಿಗೆ ಐವತ್ತು ತೋರಿಸಿದರೆ ಅವರಿಗೆ ದಣಿವಾಗುತ್ತದೆ. ದಿನಕ್ಕೆ ಎರಡೋ ಮೂರೋ ಸಾಕು. ಅವರು ಹೇಳಿದ್ದನ್ನು ಆ ಕ್ಷಣವೇ ಟ್ಯಾಗಿನಲ್ಲಿ ಬರೆಯಿರಿ, ಹೇಳಿದವರು ಯಾರು ಅಂತಲೂ ಬರೆಯಿರಿ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಇಡಿ. ನನ್ನ ಲೈಬ್ರರಿಯಲ್ಲಿ ಆ ವಿಭಾಗದಲ್ಲಿ ಹೋದ ತಿಂಗಳು 34 ಫೋಟೋ ಇದ್ದವು, ಈಗ 31 ಇವೆ. ಆ ಮೂರನ್ನು ಗುರುತಿಸಿದ್ದು ನಮ್ಮ ದೊಡ್ಡಮ್ಮ. ಅವರಿಗೆ ಕಣ್ಣು ಮಂಜಾಗಿದೆ, ಹಾಗಾಗಿ ಫೋಟೋವನ್ನು ತೆರೆಯ ತುಂಬ ದೊಡ್ಡದು ಮಾಡಿ, ಒಂದೊಂದೇ ಮುಖ ತೋರಿಸುತ್ತಾ ಹೋದೆ.